ಹತ್ತಕ್ಕೆ ಎಷ್ಟು ಕೊಡುತ್ತೀರಿ?

2019ರ ಮೇ 19ರ ರಾತ್ರಿ ಅಮೆರಿಕದ ಎಚ್‌ಬಿಒ ವಾಹಿನಿಯಲ್ಲಿ ‘ಗೇಮ್ ಆಫ್ ಥ್ರೋನ್ಸ್’ ಕೊನೆಯ ಕಂತು ಬಂತು. ಮರುಪ್ರಸಾರ, ಆ್ಯಪ್ ಎಲ್ಲ ಸೇರಿ ಆ ಒಂದೇ ರಾತ್ರಿ 1.93 ಕೋಟಿ ಜನ ಅದನ್ನು ನೋಡಿದರು. ಆ ವಾಹಿನಿಗೆ ಅದು ದಾಖಲೆ. ಅದೇ ಕಂತಿಗೆ ಐಎಂಡಿಬಿ ಜಾಲತಾಣದಲ್ಲಿ ಪ್ರೇಕ್ಷಕರು ಕೊಟ್ಟದ್ದು ಹತ್ತಕ್ಕೆ ನಾಲ್ಕರ ಆಸುಪಾಸು. ಕೊನೆಯ ಸೀಸನ್ನನ್ನು ಬೇರೆ ಬರಹಗಾರರ ಕೈಯಲ್ಲಿ ಬರೆಸಿ ಮತ್ತೆ ಚಿತ್ರೀಕರಿಸಬೇಕು ಎಂಬ ಮನವಿಗೆ ಹದಿನೈದು ಲಕ್ಷಕ್ಕೂ ಹೆಚ್ಚು ಮಂದಿ ಸಹಿ ಹಾಕಿದರು. ನಾಲ್ಕು ತಿಂಗಳು ಕಳೆಯುವಷ್ಟರಲ್ಲಿ ಅದೇ ಸೀಸನ್ ಎಮ್ಮಿ ವೇದಿಕೆಯಲ್ಲಿ ಅತ್ಯುತ್ತಮ ಸರಣಿ ಅನ್ನಿಸಿಕೊಂಡು, ಒಟ್ಟು 12 ಪ್ರಶಸ್ತಿಗಳನ್ನು ಹೊತ್ತು ಮನೆಗೆ ಹೋಯಿತು.

ಹಾಗಾದರೆ ಅದು ಚೆನ್ನಾಗಿತ್ತೋ ಇಲ್ಲವೋ? ಮೇಲಿನ ಅಂಕಿಗಳಲ್ಲಿ ಯಾವುದೂ ಸುಳ್ಳಲ್ಲ. ಮೊದಲನೆಯದು ಎಷ್ಟು ಜನ ಟಿ.ವಿ. ಮುಂದೆ ಕೂತರು ಎಂಬುದರ ಲೆಕ್ಕ. ಎರಡನೆಯದು ಎಂಟು ಸೀಸನ್ ಕಾದವರ ಸಿಟ್ಟಿನ ಲೆಕ್ಕ. ಮೂರನೆಯದು ಅದೇ ಕಸುಬಿನವರು ತಮ್ಮವರ ದುಡಿಮೆಗೆ ಹಾಕಿದ ಮತ. ಮೂರೂ ಬೇರೆ ಬೇರೆ ಪ್ರಶ್ನೆಗಳಿಗೆ ಸಿಕ್ಕ ಉತ್ತರಗಳು. ಆದರೆ ನಾವು ಅವನ್ನೆಲ್ಲ ‘ರೇಟಿಂಗ್’ ಎಂಬ ಒಂದೇ ಡಬ್ಬಿಗೆ ಸುರಿದಿಟ್ಟಿದ್ದೇವೆ. ಆಫೀಸಿನ ಊಟದ ಹೊತ್ತಿನಲ್ಲಾಗಲಿ, ಮದುವೆಮನೆಯ ಪಂಕ್ತಿಯಲ್ಲಾಗಲಿ ‘ಈಗ ಏನು ನೋಡ್ತಿದೀರಿ’ ಎಂಬ ಮಾತು ಬಂದ ಕೂಡಲೇ ಎದುರಿನವರು ಫೋನು ತೆಗೆಯುತ್ತಾರೆ. ಕತೆ ಏನು ಎಂದು ಕೇಳುವ ಮೊದಲೇ ಅದಕ್ಕೆಷ್ಟು ಅಂಕ ಬಂದಿದೆ ಎಂದು ನೋಡಿಯಾಗಿರುತ್ತದೆ.

ಕನ್ನಡದ ಮಟ್ಟಿಗೆ ಎಲ್ಲಕ್ಕಿಂತ ಬಲಶಾಲಿ ಅಂಕಿ ನಾವು ಕೊಡುವುದಲ್ಲ, ನಮ್ಮಿಂದ ತೆಗೆದುಕೊಳ್ಳುವುದು. ಅದೇ ಟಿಆರ್‌ಪಿ. ವಾರದ ಅಂಕಿ ಹೊರಬೀಳುವ ಗುರುವಾರ ಬಂತೆಂದರೆ ಧಾರಾವಾಹಿ ತಂಡಗಳ ಎದೆ ಢವಢವ. ಯಾವ ಸೀರಿಯಲ್ ಮೇಲೆ ಹೋಯಿತು, ಯಾವುದು ಕುಸಿಯಿತು ಎಂಬ ಪಟ್ಟಿ ಸಂಜೆಯೊಳಗೆ ಫೇಸ್‌ಬುಕ್ ಪುಟಗಳಲ್ಲಿ, ಸುದ್ದಿ ತಾಣಗಳಲ್ಲಿ ಹರಿದಾಡುತ್ತದೆ. ಉಮಾಶ್ರೀ ಅವರ ‘ಪುಟ್ಟಕ್ಕನ ಮಕ್ಕಳು’ ಮೊದಲ ಸ್ಥಾನದಲ್ಲಿದ್ದ ದಿನಗಳಲ್ಲಿ, ಅದನ್ನು ಒಂದು ದಿನವೂ ನೋಡದ ಗಂಡಸರಿಗೂ ಅದು ನಂಬರ್ ಒನ್ ಎಂಬುದು ಗೊತ್ತಿತ್ತು.

ಈ ಅಂಕಿ ಹುಟ್ಟುವ ಬಗೆ ಮಾತ್ರ ಬಹಳ ಮಂದಿಗೆ ತಿಳಿದಿಲ್ಲ. 2015ರಿಂದ ದೇಶದಲ್ಲಿ ಈ ಲೆಕ್ಕ ಇಡುತ್ತಿರುವುದು ಬಾರ್ಕ್ ಎಂಬ ಸಂಸ್ಥೆ. ವಾಹಿನಿಗಳು, ಜಾಹೀರಾತುದಾರರು, ಜಾಹೀರಾತು ಏಜೆನ್ಸಿಗಳು ಸೇರಿ ಕಟ್ಟಿಕೊಂಡದ್ದು. ಅದು ಆರಿಸಿದ ಮನೆಗಳ ಟಿ.ವಿ.ಗೆ ಒಂದು ಮೀಟರ್ ಕೂರಿಸುತ್ತದೆ. ಲೆಕ್ಕಕ್ಕೆ ಸೇರಿದ ಪ್ರತಿ ವಾಹಿನಿಯೂ ತನ್ನ ಧ್ವನಿಯೊಳಗೆ ಕಿವಿಗೆ ಕೇಳಿಸದ ಗುರುತೊಂದನ್ನು ಬೆರೆಸಿ ಪ್ರಸಾರ ಮಾಡುತ್ತದೆ. ಮೀಟರ್ ಆ ಗುರುತನ್ನು ಹಿಡಿದು ಯಾವ ವಾಹಿನಿ ಓಡುತ್ತಿದೆ ಎಂದು ತಿಳಿಯುತ್ತದೆ. ನೋಡುತ್ತಿರುವವರು ಯಾರು ಎಂದು ತಿಳಿಯಲು ಬೇರೆ ಉಪಾಯ. ಅಜ್ಜಿಗೊಂದು ಗುಂಡಿ, ಸೊಸೆಗೊಂದು, ಮೊಮ್ಮಗನಿಗೊಂದು. ಕೂತಾಗ ಒತ್ತಬೇಕು, ಎದ್ದು ಹೋಗುವಾಗಲೂ ಒತ್ತಬೇಕು. ಒಗ್ಗರಣೆ ಸೀಯುತ್ತಿದೆಯೆಂದು ಅಡುಗೆಮನೆಗೆ ಓಡಿದವರು ಗುಂಡಿ ಒತ್ತಿ ಓಡುತ್ತಾರೆಯೇ ಎಂಬ ಅನುಮಾನ ನನಗೆ ಇದ್ದೇ ಇದೆ.

2020ರ ಹೊತ್ತಿಗೆ ಇಂಥ ಮನೆಗಳು ದೇಶದಾದ್ಯಂತ ಸುಮಾರು 44,000. ಟಿ.ವಿ. ಇರುವ ಮನೆಗಳೋ ಇಪ್ಪತ್ತು ಕೋಟಿಯ ಮೇಲೆ. ಇಷ್ಟು ಚಿಕ್ಕ ಮಾದರಿಯಿಂದ ಹೇಗೆ ಹೇಳುತ್ತಾರೆ ಎಂದು ಹುಬ್ಬೇರಿಸಬೇಕಿಲ್ಲ. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಸಾಕು, ಆದರೆ ಪಾತ್ರೆಯನ್ನು ತಳದವರೆಗೆ ತಿರುವಿರಬೇಕು. ಹಳ್ಳಿ, ಪಟ್ಟಣ, ಭಾಷೆ, ಮನೆಯಲ್ಲಿ ಮುಖ್ಯವಾಗಿ ದುಡಿಯುವವರ ಓದು, ಫ್ರಿಜ್ಜಿನಿಂದ ಹಿಡಿದು ಕೃಷಿಭೂಮಿಯವರೆಗೆ ಮನೆಯಲ್ಲಿ ಏನೇನಿದೆ ಎಂಬ ಪಟ್ಟಿ, ಇವನ್ನೆಲ್ಲ ನೋಡಿ ಮನೆಗಳನ್ನು ಹಂಚುವುದು ಅದಕ್ಕಾಗಿಯೇ. ಇಡೀ ದೇಶದ ಚಿತ್ರ ಬೇಕೆಂದಾಗ ಈ ಲೆಕ್ಕ ಗಟ್ಟಿಯಾಗಿ ನಿಲ್ಲುತ್ತದೆ. ಒಂದು ರಾಜ್ಯ, ಒಂದು ಭಾಷೆ, ರಾತ್ರಿ ಎಂಟೂವರೆಯ ಒಂದು ಸ್ಲಾಟ್ ಎಂದು ಹೋಳು ಮಾಡುತ್ತ ಹೋದಂತೆ ಕೈಗೆ ಸಿಗುವ ಮನೆಗಳು ತೆಳುವಾಗುತ್ತವೆ. ಆಗ ಕೆಲವೇ ಮನೆಗಳ ರಿಮೋಟು ಆಚೀಚೆಯಾದರೂ ಪಟ್ಟಿ ಅಲುಗುತ್ತದೆ.

ಆ ರಿಮೋಟಿಗೆ ಬೆಲೆ ಬಂದದ್ದೂ ಉಂಟು. 2020ರ ಅಕ್ಟೋಬರಿನಲ್ಲಿ ಮುಂಬೈ ಪೊಲೀಸರು, ಮೀಟರ್ ಇರುವ ಮನೆಗಳಿಗೆ ಹಣ ಕೊಟ್ಟು ಕೆಲವು ವಾಹಿನಿಗಳನ್ನು ಹಾಕಿಡಿಸಲಾಗುತ್ತಿದೆ ಎಂದು ಆರೋಪಿಸಿದರು. ನೋಡದಿದ್ದರೂ ಸರಿ, ಟಿ.ವಿ. ಓಡುತ್ತಿದ್ದರೆ ಸಾಕು. ಬಾರ್ಕ್ ಸುದ್ದಿವಾಹಿನಿಗಳ ವಾರದ ಅಂಕಿಗಳನ್ನೇ ನಿಲ್ಲಿಸಿತು. ಅವು ಮತ್ತೆ ಬಂದದ್ದು 2022ರ ಮಾರ್ಚಿನಲ್ಲಿ. ಮೊಕದ್ದಮೆಯನ್ನು ಮಹಾರಾಷ್ಟ್ರ ಸರ್ಕಾರವೇ 2024ರಲ್ಲಿ ಹಿಂತೆಗೆದುಕೊಂಡಿತು. ಆರೋಪ ಏನಾದರೂ ಆಗಲಿ, ಜಾಹೀರಾತಿನ ಕೋಟಿಗಟ್ಟಲೆ ಹಣ ಎಷ್ಟು ಸಣ್ಣ ತಿರುಗುಣಿಯ ಮೇಲೆ ನಿಂತಿದೆ ಎಂಬುದು ಆಗ ಎಲ್ಲರಿಗೂ ಕಾಣಿಸಿತು.

ನನಗೆ ವಂಚನೆಗಿಂತ ದೊಡ್ಡದಾಗಿ ಕಾಣುವುದು ಬೇರೆಯದು. ಪ್ರಾಮಾಣಿಕವಾಗಿ ಅಳೆದಾಗಲೂ ಟಿಆರ್‌ಪಿಗೆ ನಾವು ಯಾಕೆ ನೋಡಿದೆವು ಎಂಬುದು ಗೊತ್ತಾಗುವುದಿಲ್ಲ. ‘ಇವಳಿಗೇನು ಬುದ್ಧಿ ಇಲ್ವೇನ್ರೀ, ವಿಷ ಹಾಕ್ತಾಳೆ ಅಂತ ಗೊತ್ತಿದ್ದೂ ಹಾಲಿನ ಲೋಟ ಅಲ್ಲೇ ಇಟ್ಟು ಹೋದ್ಲು’ ಎಂದು ನಾಯಕಿಗೆ ಶಾಪ ಹಾಕುತ್ತ ನೋಡಿದ ಅರ್ಧ ಗಂಟೆ, ಕಣ್ಣು ಮಿಟುಕಿಸದೆ ನೋಡಿದ ಅರ್ಧ ಗಂಟೆ, ಸೊಪ್ಪು ಬಿಡಿಸುತ್ತ ಕಿವಿಯಲ್ಲಷ್ಟೇ ಕೇಳಿದ ಅರ್ಧ ಗಂಟೆ, ಮೀಟರಿಗೆ ಮೂರೂ ಒಂದೇ. ಮರುದಿನ ಬಸ್ಸಿನಲ್ಲಿ ಫೋನಿನಲ್ಲಿ ನೋಡಿದವರು, ಸ್ಯಾನ್ ಹೋಸೆಯಲ್ಲೋ ದುಬೈಯಲ್ಲೋ ಕೂತು ಆ್ಯಪಿನಲ್ಲಿ ನೋಡಿದವರು ಆ ಲೆಕ್ಕಕ್ಕೇ ಇಲ್ಲ.

ಲೆಕ್ಕಕ್ಕೆ ಸಿಕ್ಕದ್ದು ಮಾತ್ರ ಕತೆಯನ್ನು ತಿರುಗಿಸುತ್ತದೆ. ಅಂಕಿ ಇಳಿಯಿತೆಂದರೆ ಒಂದು ಅಪಹರಣ, ಒಂದು ಮರೆವಿನ ಕಾಯಿಲೆ, ಮುರಿದುಬೀಳುವ ಒಂದು ಮದುವೆ. ಅದಕ್ಕೂ ಬಗ್ಗದಿದ್ದರೆ ಒಂದು ಗಂಟೆಯ ಮಹಾಸಂಚಿಕೆ, ಆಮೇಲೆ ಎರಡು ಸೀರಿಯಲ್‌ಗಳ ಮನೆಯವರನ್ನೆಲ್ಲ ಒಂದೇ ದೇವಸ್ಥಾನಕ್ಕೆ ಕರೆತರುವ ಮಹಾಸಂಗಮ. ಅಂಕಿ ಏರಿತೋ, ಕತೆಯನ್ನು ಮುಗಿಸುವಂತಿಲ್ಲ, ಎಳೆಯಬೇಕು. ಹೀಗೆ ಸೋತರೂ ಕಷ್ಟ, ಗೆದ್ದರೂ ಕಷ್ಟ. ಟಿ.ಎನ್. ಸೀತಾರಾಮ್ ಅವರ ‘ಮಗಳು ಜಾನಕಿ’ 2018ರಲ್ಲಿ ಶುರುವಾಗಿ ಲಾಕ್‌ಡೌನಿನ ವರ್ಷ 2020ರಲ್ಲಿ ನಿಂತಾಗ, ಅದನ್ನು ಹಚ್ಚಿಕೊಂಡಿದ್ದವರು ಬೇಸರವನ್ನು ಊರೆಲ್ಲ ತೋಡಿಕೊಂಡರು. ಒಂದು ಸೀರಿಯಲ್ಲನ್ನು ಎಷ್ಟು ಜನ ನೋಡುತ್ತಾರೆ ಎಂದು ಅಳೆಯಬಹುದು. ನೋಡುವವರು ಅದನ್ನು ಎಷ್ಟು ಹಚ್ಚಿಕೊಂಡಿದ್ದಾರೆ ಎಂದು ಅಳೆಯುವ ಮೀಟರ್ ಇನ್ನೂ ಬಂದಿಲ್ಲ.

ಹಾಗಿದ್ದರೆ ಜನ ತಾವೇ ಕೈಯಾರೆ ಕೊಡುವ ನಕ್ಷತ್ರಗಳು ಈ ಕೊರತೆಯನ್ನು ತುಂಬಬೇಕಲ್ಲವೇ? ಅಲ್ಲಿಯೂ ಯಾರು ಕೊಟ್ಟರು ಎಂಬ ಪ್ರಶ್ನೆ ಬೆನ್ನು ಬಿಡುವುದಿಲ್ಲ. ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ಗೆ ಐಎಂಡಿಬಿಯಲ್ಲಿ ಒಂಬತ್ತರ ಮೇಲೆ ಅಂಕವಿದೆ. ಆ ಅಂಕಕ್ಕೆ ಅದು ಅರ್ಹವೇ, ಸಂಶಯವಿಲ್ಲ. ಆದರೆ ಅಷ್ಟು ವರ್ಷಗಳ ಹಿಂದಿನ ಧಾರಾವಾಹಿಯನ್ನು ನೆನಪಿಟ್ಟುಕೊಂಡು, ತಾಣಕ್ಕೆ ಹೋಗಿ, ಲಾಗಿನ್ ಆಗಿ ಅಂಕ ಒತ್ತುವವರು ಯಾರು? ಆ ಧಾರಾವಾಹಿಯ ಹುಡುಗ ಸ್ವಾಮಿಯ ಜೊತೆ ಬೆಳೆದವರು, ಎಲ್. ವೈದ್ಯನಾಥನ್ ಅವರ ಆ ರಾಗ ಕೇಳಿದರೆ ಕೈಯಲ್ಲಿದ್ದ ಕೆಲಸ ಬಿಡುವವರು. ಆಗಲೇ ಬೇಸರಪಟ್ಟು ಎದ್ದುಹೋಗಿದ್ದವರು ಇಂದು ಹುಡುಕಿಕೊಂಡು ಬಂದು ಒಂದು ನಕ್ಷತ್ರ ಕೊಟ್ಟು ಹೋಗುವುದಿಲ್ಲ.

ಇದೇ ಕಾರಣಕ್ಕೆ, ಯಾವುದಾದರೂ ಸರಣಿಯ ಮೂರನೇ, ನಾಲ್ಕನೇ ಸೀಸನ್ನಿನ ಅಂಕ ಮೊದಲನೆಯದಕ್ಕಿಂತ ಹೆಚ್ಚಿದ್ದರೆ ನಾನು ಕೂಡಲೇ ನಂಬುವುದಿಲ್ಲ. ಸರಣಿ ಉತ್ತಮವಾಗಿರಬಹುದು. ಇಷ್ಟಪಡದವರು ಅಷ್ಟು ಹೊತ್ತಿಗೆ ಬಿಟ್ಟುಹೋಗಿ, ಅಭಿಮಾನಿಗಳಷ್ಟೇ ಉಳಿದಿರಲೂಬಹುದು. ಸಿನಿಮಾಕ್ಕೆ ಈ ತೊಡಕು ಕಡಿಮೆ. ಎರಡೂವರೆ ಗಂಟೆ ಮುಗಿದ ಮೇಲೆ ಎಲ್ಲರೂ ಒಟ್ಟಿಗೆ ಹೊರಬರುತ್ತಾರೆ. ಸರಣಿಯಿಂದ ಜನ ಬೇರೆ ಬೇರೆ ಬಾಗಿಲಲ್ಲಿ, ಬೇರೆ ಬೇರೆ ದಿನ ಹೊರಗೆ ಹೋಗುತ್ತಾರೆ, ಹೆಚ್ಚಿನವರು ಸದ್ದಿಲ್ಲದೆ. ಸಾವಿರ ಕಂತು ದಾಟಿದ ಮೆಗಾ ಸೀರಿಯಲ್ಲಿಗಂತೂ ಒಂದೇ ಅಂಕ ಕೊಡುವುದು ಹೇಗೆ? ಮೊದಲ ನೂರು ಕಂತುಗಳ ಸೊಸೆಯೂ ಎಂಟುನೂರನೆಯ ಕಂತಿನ ಸೊಸೆಯೂ ಒಂದೇ ಹೆಸರಿನ ಇಬ್ಬರು ಹೆಂಗಸರು. ಎಷ್ಟೋ ಸಲ ನಟಿಯೂ ಬೇರೆ.

ಅಂಕ ಕೊಡುವವರ ಕೈ ಕೂಡ ಮಧ್ಯದಲ್ಲಿ ನಿಲ್ಲುವುದಿಲ್ಲ. ಒಂದರಿಂದ ಐದು ನಕ್ಷತ್ರಗಳನ್ನು ಇಟ್ಟಿದ್ದ ಯೂಟ್ಯೂಬ್, ಬಹುಪಾಲು ಮಂದಿ ಒತ್ತುತ್ತಿರುವುದು ಐದನ್ನೇ ಎಂದು 2009ರಲ್ಲಿ ಹೇಳಿಕೊಂಡಿತು. ಮರುವರ್ಷ ನಕ್ಷತ್ರಗಳನ್ನು ಕಿತ್ತು ಹೆಬ್ಬೆರಳು ತಂದಿತು. ಸುಮಾರಾಗಿದೆ ಅನ್ನಿಸಿದವರು ಗುಂಡಿ ಒತ್ತುವ ಶ್ರಮ ತೆಗೆದುಕೊಳ್ಳುವುದಿಲ್ಲ. ತಲೆ ಮೇಲೆ ಹೊತ್ತವರು, ಇಲ್ಲವೇ ಸೇಡಿಗೆ ಬಿದ್ದವರು ಮಾತ್ರ ಒತ್ತುತ್ತಾರೆ. ಸೇಡಿನವರ ಹಾವಳಿ ಎಷ್ಟೆಂದರೆ, 2022ರ ಸೆಪ್ಟೆಂಬರಿನಲ್ಲಿ ‘ದ ರಿಂಗ್ಸ್ ಆಫ್ ಪವರ್’ ಸರಣಿ ಬಿಡುಗಡೆಯಾದಾಗ ಅಮೆಜಾನ್ ತನ್ನ ಪ್ರೇಕ್ಷಕರ ವಿಮರ್ಶೆಗಳನ್ನು 72 ಗಂಟೆ ತಡೆಹಿಡಿದು, ಸೋಸಿ ಬಿಡಬೇಕಾಯಿತು.

ಇದನ್ನೆಲ್ಲ ತಿಳಿದೇ ಐಎಂಡಿಬಿ ನೇರ ಸರಾಸರಿ ಹಾಕುವುದಿಲ್ಲ. ತೂಕ ಹಾಕಿದ ಸರಾಸರಿ ಕೊಡುತ್ತದೆ, ತೂಕದ ಗುಟ್ಟನ್ನು ಪೂರ್ತಿ ಬಿಟ್ಟುಕೊಡುವುದಿಲ್ಲ. ಸಿನಿಮಾಗಳ ಟಾಪ್ 250 ಪಟ್ಟಿಗೆ ಹಿಂದೆ ಅದು ಪ್ರಕಟಿಸಿದ್ದ ಸೂತ್ರವೊಂದು ಸ್ವಾರಸ್ಯಕರವಾಗಿದೆ. ಪ್ರತಿ ಚಿತ್ರದ ಮತಗಳ ಜೊತೆಗೆ 25,000 ಕಾಲ್ಪನಿಕ ಮತಗಳನ್ನು ಸೇರಿಸಿದಂತೆ ಅದು ಕೆಲಸ ಮಾಡುತ್ತದೆ. ಆ ಕಾಲ್ಪನಿಕ ಮತದಾರರೆಲ್ಲ ಕೊಡುವುದು ಎಲ್ಲ ಚಿತ್ರಗಳ ಸರಾಸರಿ ಅಂಕವನ್ನು. ಆ ಸರಾಸರಿ 7 ಎಂದಿಟ್ಟುಕೊಳ್ಳಿ. ಒಂದು ಕೃತಿಗೆ ಸಾವಿರ ಜನ ಹತ್ತಕ್ಕೆ ಹತ್ತು ಕೊಟ್ಟರೂ ಕೊನೆಗೆ ಉಳಿಯುವುದು 7.1. ಹತ್ತು ಲಕ್ಷ ಜನ ಹತ್ತು ಕೊಟ್ಟರೆ 9.9. ಹತ್ತು ಮಂದಿ ಗೆಳೆಯರನ್ನು ಸೇರಿಸಿ ಪಟ್ಟಿಯ ತುದಿ ಹತ್ತುವವರನ್ನು ತಡೆಯಲು ಇದು ಜಾಣ ಉಪಾಯ, ಒಪ್ಪಬೇಕು. ಆದರೆ ಸಾವಿರ ಜನರ ನಿಜವಾದ ಮೆಚ್ಚುಗೆಯೂ ಅದೇ ಜರಡಿಯಲ್ಲಿ ಸೋಸಿಹೋಗುತ್ತದೆ. ಸಣ್ಣ ಭಾಷೆಯ ಕೃತಿಗಳು ಜಗತ್ತಿನ ಪಟ್ಟಿಗಳಲ್ಲಿ ಕಾಣದಿರುವುದಕ್ಕೆ ಗುಣ ಒಂದೇ ಕಾರಣವಲ್ಲ.

ರಾಟನ್ ಟೊಮ್ಯಾಟೋಸ್ ಎಂಬ ವಿಮರ್ಶಾ ತಾಣದ ಶೇಕಡಾವಾರು ಇನ್ನೊಂದು ಬಗೆಯಲ್ಲಿ ದಾರಿ ತಪ್ಪಿಸುತ್ತದೆ. ಅಲ್ಲಿ 60 ಮುಟ್ಟಿದರೆ ಕೆಂಪು ಟೊಮ್ಯಾಟೊ. ಎಸ್ಸೆಸ್ಸೆಲ್ಸಿ ಬರೆದು ಬೆಳೆದ ನಮಗೆ 60 ಕಂಡರೆ ಫಸ್ಟ್ ಕ್ಲಾಸ್, 90 ಕಂಡರೆ ಡಿಸ್ಟಿಂಕ್ಷನ್ ಎಂದೇ ತೋರುತ್ತದೆ. ಆದರೆ ಅದು ಅಂಕವಲ್ಲ, ಪರವಾಗಿ ಬರೆದ ವಿಮರ್ಶಕರ ಪ್ರಮಾಣ. ನೂರು ವಿಮರ್ಶಕರೂ ‘ಪರವಾಗಿಲ್ಲ, ಒಂದ್ಸಲ ನೋಡಬಹುದು’ ಎಂದರೆ ನೂರಕ್ಕೆ ನೂರು. ಅರವತ್ತು ಜನ ಮೇರುಕೃತಿ ಎಂದು ಕೊಂಡಾಡಿ, ನಲವತ್ತು ಜನ ಕೈಬಿಟ್ಟರೆ ಬರೀ ಅರವತ್ತು. ನನ್ನ ಅನುಭವದಲ್ಲಿ ಎರಡನೆಯ ಬಗೆಯ ಸರಣಿಗಳೇ ಹೆಚ್ಚು ನೋಡತಕ್ಕವು.

ನಕ್ಷತ್ರಗಳ ಕತೆಯಲ್ಲಿ ನೆಟ್‌ಫ್ಲಿಕ್ಸ್‌ನಷ್ಟು ದುಡ್ಡು ಸುರಿದು ಪಾಠ ಕಲಿತವರು ಇನ್ನೊಬ್ಬರಿಲ್ಲ. ಅಂಚೆಯಲ್ಲಿ ಡಿವಿಡಿ ಕಳಿಸುತ್ತಿದ್ದ ಕಾಲದಲ್ಲಿ ಅದರ ಪ್ರಾಣವೇ ಐದು ನಕ್ಷತ್ರ. ಗ್ರಾಹಕರು ಮುಂದೆ ಯಾವ ಚಿತ್ರಕ್ಕೆ ಎಷ್ಟು ನಕ್ಷತ್ರ ಕೊಡುತ್ತಾರೆ ಎಂದು ತನ್ನ ವ್ಯವಸ್ಥೆಗಿಂತ ಶೇ 10ರಷ್ಟು ಚೆನ್ನಾಗಿ ಊಹಿಸಿದವರಿಗೆ ಹತ್ತು ಲಕ್ಷ ಡಾಲರ್ ಬಹುಮಾನ ಎಂದು 2006ರಲ್ಲಿ ಡಂಗುರ ಹೊಡೆಯಿತು. ಜಗತ್ತಿನ ಗಣಿತಜ್ಞರು, ಎಂಜಿನಿಯರರು ಮುಗಿಬಿದ್ದರು. 2009ರಲ್ಲಿ ಎರಡು ತಂಡಗಳು ಸಮಸಮನಾಗಿ ಗುರಿ ಮುಟ್ಟಿ, ಇಪ್ಪತ್ತು ನಿಮಿಷ ಮೊದಲು ಉತ್ತರ ಕಳಿಸಿದ ತಂಡಕ್ಕೆ ಹಣ ಹೋಯಿತು. ಆದರೆ ಗೆದ್ದ ಆ ಸೂತ್ರವನ್ನು ನೆಟ್‌ಫ್ಲಿಕ್ಸ್ ಪೂರ್ತಿಯಾಗಿ ಬಳಸಲೇ ಇಲ್ಲ. ಅಷ್ಟು ಹೊತ್ತಿಗೆ ಜನ ನೇರವಾಗಿ ಇಂಟರ್‌ನೆಟ್‌ನಲ್ಲಿ ನೋಡತೊಡಗಿದ್ದರು. ಯಾವುದನ್ನು ಶುರುಮಾಡಿದರು, ಎಲ್ಲಿ ನಿಲ್ಲಿಸಿದರು, ಯಾವುದನ್ನು ರಾತ್ರಿ ಎರಡರವರೆಗೆ ಬಿಡದೆ ನೋಡಿದರು ಎಂಬುದೆಲ್ಲ ಕಂಪನಿಗೆ ತಾನಾಗಿ ಸಿಗುತ್ತಿತ್ತು. ಇನ್ನು ನಕ್ಷತ್ರಗಳನ್ನು ಕೇಳುವ ಅಗತ್ಯವೇನು?

ಕೇಳಿದಾಗ ಜನ ಕೊಡುತ್ತಿದ್ದ ಉತ್ತರವೂ ಬೇರೆಯೇ ಆಗಿತ್ತು. ಗಂಭೀರ ಸಾಕ್ಷ್ಯಚಿತ್ರಕ್ಕೆ ಐದು ನಕ್ಷತ್ರ, ಪೆದ್ದುಪೆದ್ದಾದ ಹಾಸ್ಯಚಿತ್ರಕ್ಕೆ ಮೂರು. ರಾತ್ರಿ ಸೋಫಾ ಮೇಲೆ ಬಿದ್ದಾಗ ಮತ್ತೆ ಮತ್ತೆ ಹಾಕಿಕೊಳ್ಳುತ್ತಿದ್ದುದು ಆ ಮೂರು ನಕ್ಷತ್ರದ್ದನ್ನೇ. 2017ರ ಏಪ್ರಿಲಿನಲ್ಲಿ ಕಂಪನಿ ನಕ್ಷತ್ರಗಳನ್ನು ತೆಗೆದು ಮೇಲ್ಮುಖ, ಕೆಳಮುಖ ಹೆಬ್ಬೆರಳುಗಳನ್ನಿಟ್ಟಿತು. 2018ರಲ್ಲಿ ಬರೆದು ತಿಳಿಸುವ ವಿಮರ್ಶೆಗಳೂ ಹೋದವು. 2022ರಲ್ಲಿ ಬರಿಯ ಮೆಚ್ಚುಗೆ ಸಾಲದೆಂದು ಜೋಡಿ ಹೆಬ್ಬೆರಳು ಬಂತು.

ಐದು ಕೊಟ್ಟು ಮೂರನ್ನೇ ನೋಡುವುದನ್ನು ಬೂಟಾಟಿಕೆ ಎಂದು ನಕ್ಕುಬಿಡುವವರಿದ್ದಾರೆ. ನಾನು ಹಾಗೆ ನೋಡುವುದಿಲ್ಲ. ಐದು ನಕ್ಷತ್ರ ಕೊಟ್ಟವರು ಹೇಳಿದ್ದು ಕೃತಿಯ ಬೆಲೆ. ಮೂರನ್ನು ನೋಡಿದವರು ತೋರಿಸಿದ್ದು ಅಂದಿನ ದಣಿವು. ಮನುಷ್ಯನಿಗೆ ಎರಡೂ ಇವೆ. ದಣಿವನ್ನಷ್ಟೇ ದಾಖಲಿಸಿಕೊಂಡು ‘ನಿಮಗೆ ಬೇಕಾದದ್ದು ಇದೇ’ ಎಂದು ಮುಂದಿಡುತ್ತ ಹೋಗುವುದೇ ಸರಿಯಲ್ಲದ್ದು. ನೆಟ್‌ಫ್ಲಿಕ್ಸ್ ಮಾಡುವುದೂ ಅದನ್ನೇ, ಗುರುವಾರದ ಪಟ್ಟಿ ಮಾಡುವುದೂ ಅದನ್ನೇ.

ಕನ್ನಡದಲ್ಲಿ ಈ ತೊಂದರೆ ಇನ್ನಷ್ಟು ದಟ್ಟವಾಗಿದೆ. ಶುಕ್ರವಾರ ಬಿಡುಗಡೆಯಾದ ಸಿನಿಮಾ ವಾರ ನಿಲ್ಲದಿದ್ದರೂ ಶನಿವಾರದ ಪತ್ರಿಕೆಯಲ್ಲಿ ಅದಕ್ಕೊಂದು ವಿಮರ್ಶೆ, ಎರಡೂವರೆ ನಕ್ಷತ್ರ ಸಿಗುತ್ತದೆ. ಪ್ರತಿ ಸಂಜೆ ಲಕ್ಷಾಂತರ ಮನೆಗಳೊಳಗೆ ಹೋಗುವ ಧಾರಾವಾಹಿಗೆ ಅಷ್ಟೂ ಇಲ್ಲ. ನಟಿಯ ಮದುವೆ, ನಟನ ಹೊಸ ಕಾರು ಸುದ್ದಿಯಾಗುತ್ತವೆ. ಸಂಭಾಷಣೆ ಹೇಗಿದೆ, ಹಳ್ಳಿ ಎಂದು ತೋರಿಸಿದ್ದು ಯಾವ ಸೀಮೆಯ ಹಳ್ಳಿ, ಮಂಡ್ಯದ ಅಮ್ಮನಿಗೆ ಬೆಂಗಳೂರಿನ ಕನ್ನಡ ಬಂದದ್ದು ಹೇಗೆ ಎಂದು ಕೇಳುವ ಬರಹ ಅಪರೂಪಕ್ಕೂ ಕಾಣುವುದಿಲ್ಲ. ವಿಮರ್ಶಕರು ಬಾರದ ಜಾಗದಲ್ಲಿ ಟಿಆರ್‌ಪಿ ಬಂದು ಕೂತಿದೆ. ಅಡುಗೆಮನೆಯ ಕಟ್ಟೆಯಲ್ಲಿ, ವಾಕಿಂಗ್ ಹೋಗುವ ಪಾರ್ಕಿನಲ್ಲಿ ಮಾತ್ರ ವಿಮರ್ಶೆ ಜೋರಾಗಿ ನಡೆದಿದೆ. ‘ಅತ್ತೆ ಪಾರ್ಟು ಚೆನ್ನಾಗಿ ಮಾಡ್ತಾಳೆ, ಆದ್ರೆ ಬರೆಯೋರಿಗೆ ಅವಳನ್ನ ಏನು ಮಾಡ್ಬೇಕು ಅಂತ ಗೊತ್ತಿಲ್ಲ’ ಎಂಬ ಮಾತನ್ನು ನಾನು ಕೇಳಿದ್ದು ಅಂಥ ಒಂದು ಪಾರ್ಕಿನ ಬೆಂಚಿನಲ್ಲಿ. ನಟನೆಯನ್ನೂ ಬರವಣಿಗೆಯನ್ನೂ ಬೇರ್ಪಡಿಸಿ ನೋಡಿದ ಆ ಮಾತಿಗೆ ಯಾವ ಹೆಬ್ಬೆರಳೂ ಸಾಟಿಯಲ್ಲ.

ಮೀಟರೂ ನಕ್ಷತ್ರವೂ ಇಲ್ಲದೆ ಬರೀ ಬಾಯಿಮಾತಿನ ಮೇಲೆ ಒಂದು ಕನ್ನಡ ಸರಣಿ ನಡೆದದ್ದೂ ಇದೆ. ಸುಮಂತ್ ಭಟ್ ಮತ್ತು ಗೆಳೆಯರು ಮಾಡಿದ, ರಕ್ಷಿತ್ ಶೆಟ್ಟಿಯವರ ಪರಂವಃ ಸಂಸ್ಥೆ ಬೆನ್ನಿಗೆ ನಿಂತ ‘ಏಕಂ’, ಕರಾವಳಿಯ ಬಿಡಿ ಬಿಡಿ ಕತೆಗಳ ಗುಚ್ಛ. ಒಟಿಟಿ ಕಂಪನಿಗಳು ಕೊಳ್ಳಲಿಲ್ಲ. 2024ರ ಜುಲೈಯಲ್ಲಿ ತಂಡ ತನ್ನದೇ ಜಾಲತಾಣ ಕಟ್ಟಿ, ಹಣ ಕೊಟ್ಟು ನೋಡಿ ಎಂದಿತು. ಪಟ್ಟಿಗಳಲ್ಲಿ ಇಲ್ಲ, ಹೋಮ್ ಸ್ಕ್ರೀನಿನಲ್ಲಿ ತಾನಾಗಿ ತೇಲಿಬರುವುದೂ ಇಲ್ಲ. ನೋಡಿದವರು ಇನ್ನೊಬ್ಬರಿಗೆ ಫೋನು ಮಾಡಿ ‘ಇದನ್ನ ನೋಡು, ಆಮೇಲೆ ಮಾತಾಡೋಣ’ ಎಂದರೆ ಮಾತ್ರ ಅದು ದಾಟಬೇಕು.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಪಾಲಿನ ಅಭಿಪ್ರಾಯಗಳನ್ನೂ ಕೊಡಬೇಕಲ್ಲ, ಅಂಕಿಯಿಲ್ಲದೆ. ಆ ‘ಏಕಂ’ ಎಲ್ಲ ಕತೆಗಳಲ್ಲೂ ಒಂದೇ ಎತ್ತರದಲ್ಲಿ ನಿಲ್ಲುವುದಿಲ್ಲ. ಕೆಲವು ಅರ್ಧಕ್ಕೆ ನಿಂತಂತಿವೆ. ಆದರೆ ಪಾತ್ರಗಳು ತಮ್ಮ ಊರಿನ ಮಾತು ಆಡುತ್ತವೆ, ಮಳೆ ಬರೀ ಅಲಂಕಾರಕ್ಕೆ ಬರುವುದಿಲ್ಲ. ಅವಸರದವರಿಗೆ ಬೇಡ. ಜೀ5 ತನ್ನ ಮೊದಲ ಕನ್ನಡ ಸರಣಿಯಾಗಿ 2025ರಲ್ಲಿ ತಂದ ‘ಅಯ್ಯನ ಮನೆ’ಗೆ ರಮೇಶ್ ಇಂದಿರಾ ನಿರ್ದೇಶನ; ಹಳೆಯ ಮನೆ, ಹೊಸ ಸೊಸೆ, ಒಂದರ ಹಿಂದೊಂದು ಸಾವು. ಕಂತುಗಳು ಚಿಕ್ಕವು, ಒಂದೇ ಸಂಜೆಗೆ ಮುಗಿಯುತ್ತದೆ. ಹೆದರಿಕೆಗಿಂತ ಕುತೂಹಲಕ್ಕೆ ನೋಡಿ. ಹಿಂದಿಯ ‘ಪಂಚಾಯತ್’ ಸರಣಿಯನ್ನು ಮೊದಲೆರಡು ಸೀಸನ್ನಿಗೆ ನಿಲ್ಲಿಸಿದರೂ ನಷ್ಟವಿಲ್ಲ. ಫುಲೇರಾ ಹಳ್ಳಿಯ ಸಣ್ಣ ಸಣ್ಣ ತಾಪತ್ರಯಗಳೇ ಅದರ ಜೀವ. ಆಮೇಲೆ ಚುನಾವಣೆಯ ಬಣಗಳು ಬಂದು ಆ ತಾಪತ್ರಯಗಳು ಮೂಲೆಗೆ ಸರಿದವು.

‘ಅಡೋಲೆಸೆನ್ಸ್’ ಬ್ರಿಟನ್ನಿನದು, 2025ರದು, ನಾಲ್ಕೇ ಕಂತು. ಸಹಪಾಠಿಯ ಕೊಲೆಯ ಆರೋಪದಲ್ಲಿ ಹದಿಮೂರರ ಹುಡುಗನನ್ನು ಪೊಲೀಸರು ಬೆಳಗಿನ ಜಾವ ಎತ್ತಿಕೊಂಡು ಹೋಗುವಲ್ಲಿಂದ ಶುರು. ಪ್ರತಿ ಕಂತೂ ಕತ್ತರಿ ಹಾಕದ ಒಂದೇ ಶಾಟ್. ಎಲ್ಲರೂ ಆ ಕ್ಯಾಮೆರಾ ಚಮತ್ಕಾರವನ್ನೇ ಹೊಗಳುತ್ತಾರೆ. ಎರಡನೇ ಕಂತಿನ ಶಾಲೆಯಲ್ಲಿ ಅದು ನನಗೆ ತುಸು ಕಸರತ್ತಿನಂತೆ ಕಂಡಿತು. ಆದರೆ ಮೂರನೇ ಕಂತಿನಲ್ಲಿ ಹುಡುಗ ಮತ್ತು ಮನಃಶಾಸ್ತ್ರಜ್ಞೆ ಒಂದು ಕೋಣೆಯಲ್ಲಿ ಎದುರುಬದುರು ಕೂತಾಗ ಕ್ಯಾಮೆರಾ ಇರುವುದೇ ಮರೆತುಹೋಗುತ್ತದೆ. ಹದಿಹರೆಯದ ಮಕ್ಕಳಿರುವವರು ಅದನ್ನು ಮಕ್ಕಳ ಜೊತೆ ಕೂತು ನೋಡಬೇಕೋ ಬೇಡವೋ ಎಂದು ನನ್ನನ್ನು ಕೇಳಿದರೆ, ಮೊದಲು ನೀವೊಬ್ಬರೇ ನೋಡಿ ಎನ್ನುತ್ತೇನೆ.